ಎದ್ದ ಬಟ್ಟೆ

ಮಾರ್ಚ್ 3, ಸೋಮವಾರ

ಇವತ್ತು ನಮ್ಮ ಕಟ್ಟಡ ಕೆಡವಲು ಹೊರಟಿರುವ ಕಂಪನಿಯವರು ಅಂಗಳದ ನಡುವೆ ಒಂದು ದೊಡ್ಡ ಫಲಕ ನೆಟ್ಟರು. ಅದರಲ್ಲಿ ನಮ್ಮ ಕಟ್ಟಡವೇ ಇಲ್ಲ. ಆ ಜಾಗದಲ್ಲಿ ಮೂರು ಗಾಜಿನ ಗೋಪುರ, ಬಾಲ್ಕನಿಗೊಂದು ಗಿಡ, ಗಿಡದ ಪಕ್ಕ ನಗುವ ಹೆಂಗಸರು. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದೆ, ನಮ್ಮ ಪೈಕಿ ಯಾರೂ ಇರಲಿಲ್ಲ. ಹೊಲಿಗೆ ಮಿಷನ್ನಿನ ಮುಂದೆ ಬೆನ್ನು ಬಗ್ಗಿಸಿದವಳು ಯಾರೂ ಹಾಗೆ ನಗಲಾರಳು ಬಿಡಿ.

ಮಧ್ಯಾಹ್ನ ಸರ್ವೆಯ ಹುಡುಗಿ ಟೇಪು ಹಿಡಿದು ಮನೆ ಅಳೆಯಲು ಬಂದಳು. ನಮ್ಮ ಮಗಳ ವಯಸ್ಸು. ಕಂಪನಿಯವಳು ಅಂತ ಗೊತ್ತಿದ್ದೂ ಟೀ ಕೊಟ್ಟೆ. ಮನೆಗೆ ಬಂದವರನ್ನು ಹಾಗೇ ಕಳಿಸುವಷ್ಟು ನಾನಿನ್ನೂ ಕೆಟ್ಟಿಲ್ಲ. ಟೀ ಕುಡಿಯುತ್ತಾ ಹೊರಗಿನ ಕಂಬಿ ನೋಡಿ, "ಇದೇನಾಂಟಿ, ಎಲ್ಲರ ಮನೆ ಮುಂದೂ ಒಂದೊಂದು ಬಟ್ಟೆ ಕಟ್ಟಿದೀರಲ್ಲ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ನಮ್ಮನೆಯವರು ಶುರುಹಚ್ಚಿಕೊಂಡರು.

"ಅದು ಎದ್ದ ಬಟ್ಟೆ ಕಣಮ್ಮ. ಬೆಳಿಗ್ಗೆ ಎದ್ದ ತಕ್ಷಣ ಕಟ್ಟೋದು, ಕತ್ತಲಾಗೋ ಹೊತ್ತಿಗೆ ಬಿಚ್ಚೋದು. ಬಟ್ಟೆ ಇದೆ ಅಂದ್ರೆ ಒಳಗಿರೋರು ಎದ್ದಿದಾರೆ, ಚೆನ್ನಾಗಿದಾರೆ ಅಂತ ಲೆಕ್ಕ. ಹಾಲಿನವನು ಬಂದು ಹೋದ್ಮೇಲೂ ಬಟ್ಟೆ ಕಾಣ್ಲಿಲ್ವಾ, ಪಕ್ಕದವರು ಹೋಗಿ ಬಾಗಿಲು ಬಡೀತಾರೆ. ಈ ಕಟ್ಟಡಾನ ಟ್ರಾಮ್ ಕಾರ್ಮಿಕರಿಗೆ ಅಂತ ಕಟ್ಟಿದ್ರಲ್ಲ, ಆವಾಗಿಂದ್ಲೂ ಹೀಗೇ."

"ಎಷ್ಟು ಚೆನ್ನಾಗಿದೆ ಅಂಕಲ್!" ಎಂದು ಆ ಹುಡುಗಿ ಫೋನ್ ತೆಗೆದು ನಾಲ್ಕೂ ಮಹಡಿಯ ಕಂಬಿಗಳ ಫೋಟೋ ಹೊಡೆದುಕೊಂಡಳು. ಇವರಿಗೆ ಯಾರಾದರೂ ಚೆನ್ನಾಗಿದೆ ಅಂದರೆ ಸಾಕು, ಮನೆಯ ಕೀಲಿಯನ್ನೂ ಕೊಟ್ಟುಬಿಡುತ್ತಾರೆ.

ಮಾರ್ಚ್ 9, ಭಾನುವಾರ

ನರ್ಸಕ್ಕನಿಗೆ ಟೀ ಕೊಡಲು ಮೇಲಿನ ಮಹಡಿಗೆ ಹೋಗಿದ್ದೆ. ದಿನಾ ಹೋಗುತ್ತೇನೆ, ಇಲ್ಲಿ ಬರೆಯುವುದಿಲ್ಲ ಅಷ್ಟೆ. ಆಸ್ಪತ್ರೆ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅವಳು ಎಲ್ಲರಿಗೂ ನರ್ಸಕ್ಕನೇ. ಗಂಡ ಹೋದ, ಮಕ್ಕಳಿಲ್ಲ, ಎರಡು ಮೊಣಕಾಲೂ ಮುಷ್ಕರ ಹೂಡಿವೆ. ನಾಲಿಗೆ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ.

"ಹೊಸ ಮನೇಲಿ ಲಿಫ್ಟ್ ಇರುತ್ತಂತೆ ಕಣೇ," ಎಂದಳು. "ಗುಂಡಿ ಒತ್ತಿದ್ರೆ ಅಂಗಳಕ್ಕೆ ಇಳಿಸುತ್ತಂತೆ. ನಾನು ನೆಲ ಮೆಟ್ಟಿ ಎಷ್ಟು ದಿನ ಆಯ್ತು ಹೇಳು? ಮನೆ ಬಿಟ್ಟುಕೊಡೋ ಕಾಗದಕ್ಕೆ ಸೈನ್ ಹಾಕೋಣ ಅಂತಿದೀನಿ."

"ಆ ಲಿಫ್ಟ್ ಬರೋ ಹೊತ್ತಿಗೆ ವರ್ಷಗಟ್ಟಲೆ ಆಗುತ್ತೆ ಅಕ್ಕ. ಅಲ್ಲೀವರೆಗೆ ಊರಾಚೆ ಯಾವುದೋ ಬಾಡಿಗೆ ಕೋಣೇಲಿ ಹಾಕ್ತಾರೆ. ಅಲ್ಲಿ ನೀನು ಬಿದ್ರೆ ನಿನ್ನ ಬಾಗಿಲು ಬಡಿಯೋರು ಯಾರು?"

ಅವಳು ಟೀ ಲೋಟ ಖಾಲಿ ಮಾಡಿ ಕೆಳಗಿಟ್ಟಳು. ಆಮೇಲೆ, "ಸರಿ ಬಿಡು, ನಿನ್ನ ಮುಖ ನೋಡಿಕೊಂಡು ಇಲ್ಲೇ ಇರ್ತೀನಿ," ಎಂದಳು.

ನನ್ನ ಬಾಗಿಲು ಬಡಿದವಳು ಅವಳು. ಮಗಳು ಹುಟ್ಟುವುದಕ್ಕೆ ಮುಂಚೆ, ಮೊದಲನೆಯ ಬಸಿರು ನಿಲ್ಲದೆ ಹೋದಾಗ. ಇವರು ಬಸ್ ಡಿಪೋದಲ್ಲಿ ರಾತ್ರಿ ಪಾಳಿ ಮುಗಿಸಿ ಇನ್ನೂ ಬಂದಿರಲಿಲ್ಲ, ನಾನು ಬಚ್ಚಲಲ್ಲಿ ಬಿದ್ದಿದ್ದೆ, ರಕ್ತ ನಿಲ್ಲುತ್ತಿರಲಿಲ್ಲ. ಕಂಬಿಯ ಮೇಲೆ ನನ್ನ ನೀಲಿ ಬಟ್ಟೆ ಕಾಣದೆ ಅವಳು ಇಳಿದು ಬಂದು, ಬಡಿದು, ಕೂಗಿ, ಕೊನೆಗೆ ಬಾಗಿಲನ್ನೇ ಒಡೆಸಿದಳು. ಅವಳಿಲ್ಲದಿದ್ದರೆ ಇವತ್ತು ಈ ದಿನಚರಿ ಬರೆಯುವ ಕೈಯೇ ಇರುತ್ತಿರಲಿಲ್ಲ.

ಮಾರ್ಚ್ 22, ಶನಿವಾರ

ನಾವು ಹಾಕಿದ್ದ ಕೇಸಿಗೆ ಕೋರ್ಟಿನ ಮಾತು ಬಂತು. ನೆಲಮಹಡಿಯ ಮೇಷ್ಟ್ರು ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿ ಬಿಡಿಸಿ ಹೇಳಿದರು. ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಜನ ವಾಸ ಇರುವವರೆಗೆ ಕಟ್ಟಡ ಮುಟ್ಟುವಂತಿಲ್ಲ. ಅದಕ್ಕಿಂತ ಕಡಿಮೆಯಾದರೆ ಉಳಿದವರೂ ಗಂಟುಮೂಟೆ ಕಟ್ಟಬೇಕು.

"ಅಂದ್ರೆ ಒಬ್ಬರ ಮನೆ ಇನ್ನೊಬ್ಬರ ಕೈಲಿದೆ ಅಂತಾಯ್ತು," ಎಂದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ನೋಟ ನನಗೆ ಹಿಡಿಸಲಿಲ್ಲ.

ಸಂಜೆ ಕಂಪನಿಯ ಆಳುಗಳು ಬಂದು ಗೋಡೆಯ ಬಿರುಕುಗಳ ಮೇಲೆ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿ ಹೋದರು. ಗೋಡೆ ಕದಲಿದರೆ ಗಾಜು ಒಡೆಯುತ್ತದಂತೆ. ನಮ್ಮ ಅಡುಗೆಮನೆಗೂ ಒಂದು ಸಿಕ್ಕಿದೆ. ಪಾತ್ರೆ ತೊಳೆಯುವಾಗಲೆಲ್ಲ ಅದರ ಮೇಲೇ ಕಣ್ಣು.

ಏಪ್ರಿಲ್ 4, ಶುಕ್ರವಾರ

ನಾಲ್ಕು ದಿನದಿಂದ ಬೆಳಿಗ್ಗೆ ಒಬ್ಬ ಅಂಗಳದಲ್ಲಿ ಕ್ಯಾಮೆರಾ ಹಿಡಿದು ನಿಲ್ಲುತ್ತಾನೆ. ಯಾರೊಂದಿಗೂ ಮಾತಿಲ್ಲ. ಹಾಲಿನವನು ಹೋದ ಮೇಲೆ ಬರುತ್ತಾನೆ, ನಾಲ್ಕೂ ಕಡೆ ತಿರುಗಿ ಫೋಟೋ ಹೊಡೆಯುತ್ತಾನೆ, ಹೋಗುತ್ತಾನೆ. ಏನಿರಬಹುದು ಅಂತ ತಲೆ ಕೆಡಿಸಿಕೊಂಡಿದ್ದೆವು. ಇವತ್ತು ಗೊತ್ತಾಯಿತು.

ಎರಡನೇ ಮಹಡಿಯ ಬೇಕರಿಯವನ ಮನೆಯ ನೀರು ನಿಲ್ಲಿಸಿದ್ದಾರೆ. ಕೇಳಿದರೆ, ಮನೆ ಖಾಲಿ ಅಂತ ದಾಖಲಾಗಿದೆ ಎಂದರಂತೆ. ಗಂಡ ಹೆಂಡತಿ ಇಬ್ಬರೂ ನಡುರಾತ್ರಿ ಬೇಕರಿಗೆ ಹೋಗಿ ಬೆಳಿಗ್ಗೆ ಬಂದು ಮಲಗುವವರು, ಎದ್ದ ಬಟ್ಟೆ ಕಟ್ಟುವುದು ಮಧ್ಯಾಹ್ನ. ಬಟ್ಟೆ ಇಲ್ಲದ ಮನೆ ಖಾಲಿ ಮನೆ ಅಂತ ಕಂಪನಿ ಫೋಟೋ ಇಟ್ಟುಕೊಂಡು ನಗರಸಭೆಗೆ ಲೆಕ್ಕ ಒಪ್ಪಿಸುತ್ತಿದೆ.

ನಮ್ಮನೆಯವರು ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದರು. ನಾನು ಬೈಯಲಿಲ್ಲ. ಬೈಯದಿದ್ದದ್ದೇ ಹೆಚ್ಚು ನಾಟಿತು ಅಂತ ಕಾಣುತ್ತದೆ.

ಏಪ್ರಿಲ್ 5, ಶನಿವಾರ

ಉಪಾಯ ನನ್ನದೇ! ಬರೆಯಲೇಬೇಕು.

ಬೇಕರಿಯವರ ಬಟ್ಟೆಯನ್ನು ನಾನು ಕಟ್ಟುತ್ತೇನೆ ಎಂದೆ. ಕಂಬಿ ಹೊರಗೇ ಇದೆ, ಬಾಗಿಲು ತೆಗೆಯಬೇಕಾಗಿಯೂ ಇಲ್ಲ. ಮೇಷ್ಟ್ರು ಇನ್ನೊಂದು ಹೆಜ್ಜೆ ಮುಂದೆ ಹೋದರು. ನೆಂಟರ ಮನೆಗೆ ಹೋಗಿ ಕೂತವರು, ಕೀಲಿ ಒಪ್ಪಿಸದೆ ಹೊರಟವರು, ಎಲ್ಲರ ಕಂಬಿಗೂ ಕಟ್ಟೋಣ ಎಂದರು. ಮೇಷ್ಟ್ರಿಗೆ ಕೆಳಗಿನ ಎರಡು ಮಹಡಿ, ನನಗೆ ಮೇಲಿನ ಎರಡು. ಪರದೆ ಹೊಲಿದು ಉಳಿದ ತುಂಡುಗಳು ಒಂದು ಮೂಟೆ ಇದ್ದವು. ರಾತ್ರಿ ಊಟದ ಹೊತ್ತಿಗೆ ಎಲ್ಲದರ ಅಂಚು ಮಡಿಸಿ ಹೊಲಿದುಬಿಟ್ಟೆ.

ಏಪ್ರಿಲ್ 7, ಸೋಮವಾರ

ಕ್ಯಾಮೆರಾದವನ ಮುಖ ನೋಡಬೇಕಿತ್ತು. ಎಲ್ಲಾ ಕಂಬಿಯ ಮೇಲೂ ಬಣ್ಣ. ಎರಡು ಸಲ ಸುತ್ತು ತಿರುಗಿದ. ನಾನು ಮೇಲಿಂದ ಕೈ ಬೀಸಿದೆ.

ನರ್ಸಕ್ಕನೂ ನಕ್ಕಳು, ಆದರೆ ಪೂರ್ತಿ ಅಲ್ಲ. "ಎಲ್ಲರದ್ದೂ ನೀವೇ ಕಟ್ಟಿದ್ರೆ, ಯಾರು ಎದ್ರು ಯಾರು ಏಳ್ಲಿಲ್ಲ ಅಂತ ತಿಳಿಯೋದು ಹೇಗೆ?" ಎಂದು ಕೇಳಿದಳು.

"ನಾನಿಲ್ವಾ ಅಕ್ಕ? ದಿನಾ ಬಂದು ನೋಡ್ತೀನಲ್ಲ."

ಏಪ್ರಿಲ್ 16, ಬುಧವಾರ

ಪಕ್ಕದ ಖಾಲಿ ಜಾಗದಲ್ಲಿ ಅಗೆಯಲು ಶುರು ಮಾಡಿದ್ದಾರೆ. ಅದು ನಮ್ಮ ಕಟ್ಟಡ ಅಲ್ಲವಂತೆ, ಕೋರ್ಟಿನ ಮಾತು ಅದಕ್ಕೆ ಹತ್ತುವುದಿಲ್ಲವಂತೆ. ಯಂತ್ರ ನೆಲಕ್ಕೆ ಗುದ್ದಿದಾಗಲೆಲ್ಲ ಕಪಾಟಿನಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಗುಸುಗುಸು ಮಾಡುತ್ತವೆ. ಧೂಳು ಎಷ್ಟೆಂದರೆ ಇವರ ಕೆಮ್ಮು ನಿಲ್ಲುತ್ತಿಲ್ಲ.

ನರ್ಸಕ್ಕನಿಗೆ ಬೆಳಿಗ್ಗೆ ಬಾಗಿಲವರೆಗೆ ನಡೆಯುವುದೂ ಕಷ್ಟವಾಗಿದೆ. ನಿನ್ನೆ ಅವಳ ಬಟ್ಟೆ ತಡವಾಗಿ ಫೋಟೋದಲ್ಲಿ ಬರಲಿಲ್ಲ. ಇನ್ನು ಮೇಲೆ ನಿನ್ನದೂ ನಾನೇ ಕಟ್ಟುತ್ತೇನೆ, ನೀನು ಆರಾಮಾಗಿ ಏಳು ಎಂದೆ. ಅವಳದು ಹಳೇ ಹಳದಿ ಬಟ್ಟೆ, ತೊಳೆದು ತೊಳೆದು ಗೋಡೆಯ ಬಣ್ಣಕ್ಕೇ ಬಂದಿತ್ತು. ದೂರದಿಂದ ಕಾಣುವುದಿಲ್ಲ ಅಂತ ಅದನ್ನು ತೆಗೆದು ಹೊಸ ಕೆಂಪು ತುಂಡು ಕಟ್ಟಿದೆ.

ಹಳದಿಯದನ್ನು ಅವಳು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಳು.

ಏಪ್ರಿಲ್ 29, ಮಂಗಳವಾರ

ಮೂರನೇ ಮಹಡಿಯಲ್ಲಿ ಒಂದು ಸಾಲು ಪೂರ್ತಿ ಖಾಲಿ. ಹೋಗುವವರೆಲ್ಲ ಸಂಜೆ ಸದ್ದಿಲ್ಲದೆ ಹೋಗುತ್ತಾರೆ, ಕೀಲಿ ನನ್ನ ಕೈಲಿಟ್ಟು ಕಣ್ಣು ತಪ್ಪಿಸುತ್ತಾರೆ. ನನಗೆ ಬೇಜಾರಿಲ್ಲ. ಕೀಲಿ ಕಂಪನಿಗೆ ಒಪ್ಪಿಸದಿದ್ದರೆ ಸಾಕು. ಜನ ಹೋದರೂ ಕಂಬಿ ಇಲ್ಲೇ ಇರುತ್ತದಲ್ಲ.

ನನ್ನ ಬೆಳಗಿನ ಸುತ್ತು ಈಗ ದೊಡ್ಡದು. ಬೇಗ ಎದ್ದು, ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಓಡುತ್ತೇನೆ. ಮೇಷ್ಟ್ರು ಎರಡು ಗಂಟು ಹಾಕುತ್ತಾರೆ, ಸಂಜೆ ಬಿಚ್ಚಲು ಪ್ರಾಣ ಹೋಗುತ್ತದೆ. ನನ್ನದು ಒಂದೇ ಗಂಟು, ಎಳೆದರೆ ಬಂತು.

ಅಕ್ಕನಿಗೆ ಟೀ ಒಯ್ಯಲು ಇವತ್ತು ಆಗಲಿಲ್ಲ. ನಾಳೆ ನೋಡೋಣ.

ಮೇ 8, ಗುರುವಾರ

ಇವರು ಮಗಳ ಮನೆಗೆ ಹೋದರು. ಡಾಕ್ಟರು ಧೂಳಿನಿಂದ ದೂರ ಇರಿ ಎಂದಿದ್ದಾರೆ. ಮಗಳು ಅಳಿಯ ಇಬ್ಬರೂ ಬಂದಿದ್ದರು. ನನ್ನನ್ನೂ ಕರೆದರು.

"ನಾನು ಬಂದ್ರೆ ಮೇಲಿನ ಎರಡು ಮಹಡಿ ಯಾರು ನೋಡ್ತಾರೆ?" ಎಂದೆ.

"ಅಲ್ಲಿ ನೋಡೋಕೆ ಜನ ಎಲ್ಲಿದಾರಮ್ಮಾ?" ಎಂದಳು ಮಗಳು.

ಇವರು ಮೆಟ್ಟಿಲಲ್ಲಿ ನಿಂತು, "ಲೇ, ಹುಷಾರು ಕಣೇ. ದಿನಾ ಫೋನ್ ಮಾಡು," ಎಂದರು. ಮುದುಕರಿಗೆ ಕಣ್ಣಲ್ಲಿ ನೀರು. ನನಗೂ ಬರುತ್ತಿತ್ತು, ಆದರೆ ಅಷ್ಟರಲ್ಲಿ ಗಾಳಿಗೆ ನಾಲ್ಕನೇ ಮಹಡಿಯ ಒಂದು ಬಟ್ಟೆ ಹಾರಿಹೋದದ್ದು ಕಾಣಿಸಿ ಮೇಲಕ್ಕೆ ಓಡಿದೆ.

ಮೇ 20, ಮಂಗಳವಾರ

ಬೇಕರಿಯವರೂ ಸಹಿ ಹಾಕಿದ್ದಾರೆ. ಕೀಲಿ ಸೀದಾ ಕಂಪನಿಗೆ. ಬಾಗಿಲಿಗೆ ತಗಡು ಹೊಡೆದರು. ಬೇಕರಿಯವನ ಹೆಂಡತಿ ಹೇಳಿಹೋಗಲು ಬಂದಿದ್ದಳು, ನಾನು ಮಿಷನ್ ನಿಲ್ಲಿಸಲಿಲ್ಲ. ಇನ್ನು ಒಂದು ಮನೆ ಹೀಗೆ ಹೋದರೂ ಅರ್ಧಕ್ಕಿಂತ ಕೆಳಗೆ.

ಮೇ 27, ಮಂಗಳವಾರ

ಇವತ್ತು ಆದದ್ದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನರ್ಸಕ್ಕ ಕರೆದಳು ಅಂತ ಕೆಲಸ ಬಿಟ್ಟು ಹತ್ತಿ ಹೋದೆ. ಹಾಸಿಗೆಯ ಮೇಲೆ ಕೂತು, ಸರ್ವೆಯ ಹುಡುಗಿ ಬಂದಿದ್ದಳು ಎಂದಳು. ಬೇರೆ ಕಡೆ ನೆಲಮಹಡಿಯಲ್ಲೇ ಒಂದು ಕೋಣೆ ಕೊಡಿಸುತ್ತೇನೆ, ಪಕ್ಕದಲ್ಲೇ ಆಸ್ಪತ್ರೆ ಇದೆ ಅಂದಳಂತೆ.

"ನಾನು ಸೈನ್ ಹಾಕ್ತೀನಿ ಕಣೇ. ನನ್ನ ಕೈಲಾಗಲ್ಲ. ನೀರು ದಿನ ಬಿಟ್ಟು ದಿನ, ಕೆಳಗಿಂದ ತರೋರಿಲ್ಲ. ನೀನೂ ಬರೋದು ಬಿಟ್ಟಿದೀಯ."

"ಬರ್ತಿಲ್ವಾ ನಾನು? ದಿನಾ ನಿನ್ನ ಬಟ್ಟೆ ಕಟ್ತಿಲ್ವಾ?"

"ಬಟ್ಟೆ ಕಟ್ತೀಯ. ನನ್ನ ನೋಡಲ್ಲ."

"ಎಲ್ಲರ ಮನೆ ನಿನ್ನ ಒಂದು ಸೈನ್ ಮೇಲೆ ನಿಂತಿದೆ. ಅಷ್ಟು ತಿಳ್ಕೊಂಡು ಹಾಕು," ಎಂದು ಹೇಳಿ ಬಂದೆ. ಬಾಗಿಲು ಸ್ವಲ್ಪ ಜೋರಾಗಿಯೇ ಬಿತ್ತು.

ಇನ್ನು ಅವಳಾಗಿ ಕರೆಯುವವರೆಗೆ ಮಾತಿಲ್ಲ. ಬಟ್ಟೆ ಮಾತ್ರ ಕಟ್ಟುತ್ತೇನೆ. ಅದು ಅವಳಿಗಾಗಿ ಅಲ್ಲ.

ಜೂನ್ 2, ಸೋಮವಾರ

ಮಾತಿಲ್ಲ.

ಜೂನ್ 4, ಬುಧವಾರ

ಎಣಿಕೆ ಸರಿಯಾಗಿದೆ. ಶುಕ್ರವಾರ ನಗರಸಭೆಯ ಅಧಿಕಾರಿಯೇ ಬಂದು ನೋಡುತ್ತಾರಂತೆ. ಬಣ್ಣ ಮಾಸಿದ್ದನ್ನೆಲ್ಲ ಬದಲಾಯಿಸಿದೆ.

ಬೆಳಿಗ್ಗೆ ಅಕ್ಕನ ಕಂಬಿಗೆ ಕಟ್ಟುವಾಗ ಒಳಗಿಂದ ಕೋಲು ಕುಟ್ಟುವ ಸದ್ದು. ಟಕ್, ಟಕ್. ನಾನು ನಿಂತರೆ ನಿಲ್ಲುತ್ತದೆ, ಹೆಜ್ಜೆ ಎತ್ತಿದರೆ ಮತ್ತೆ. ಬಾಯಿಬಿಟ್ಟು ಕರೆಯಲು ಬಿಗುಮಾನ, ಕೋಲಿನಲ್ಲಿ ಕರೆಯುತ್ತಾಳೆ. ಹಟದಲ್ಲಿ ನಾನೇನು ಕಡಿಮೆಯೇ? ಗಂಟು ಹಾಕಿ ಮುಂದಿನ ಮನೆಗೆ ಹೋದೆ.

ಜೂನ್ 5, ಗುರುವಾರ

ಇವತ್ತು ಕೋಲಿನ ಸದ್ದೂ ಇಲ್ಲ. ಸಿಟ್ಟು ಇಳಿದಿರಬೇಕು. ನಾಳೆಯದು ಮುಗಿಯಲಿ, ನಾನೇ ಟೀ ಮಾಡಿಕೊಂಡು ಹೋಗುತ್ತೇನೆ. ಎಷ್ಟಾದರೂ ದೊಡ್ಡವಳು.

ಅಡುಗೆಮನೆಯ ಗಾಜಿನ ಪಟ್ಟಿ ನಡುವೆ ಸೀಳಿದೆ. ಯಾವಾಗ ಸೀಳಿತೋ, ನಾನು ನೋಡುವುದನ್ನೇ ಬಿಟ್ಟಿದ್ದೆ.

ಜೂನ್ 6, ಶುಕ್ರವಾರ

ಅಧಿಕಾರಿ ಬಂದರು, ನೋಡಿದರು, ತಲೆ ಆಡಿಸಿದರು. ಅರ್ಧಕ್ಕಿಂತ ಮೇಲಿದ್ದೇವೆ. ಮೇಷ್ಟ್ರು ನನ್ನ ಕೈ ಹಿಡಿದು ಕುಲುಕಿದರು. ಅಷ್ಟರಲ್ಲೇ ಮೇಲಿಂದ ಕಿರುಚಾಟ.

ಸರ್ವೆಯ ಹುಡುಗಿ. ಸಹಿಗೆಂದು ಬಂದವಳು ನರ್ಸಕ್ಕನ ಬಾಗಿಲು ಬಡಿದಿದ್ದಾಳೆ, ತೆಗೆಯಲಿಲ್ಲ, ಕಿಟಕಿಯಲ್ಲಿ ಬಗ್ಗಿ ನೋಡಿದ್ದಾಳೆ. ಅಕ್ಕ ಹಾಸಿಗೆಗೂ ಬಾಗಿಲಿಗೂ ನಡುವೆ ನೆಲದ ಮೇಲೆ ಬಿದ್ದಿದ್ದಳು. ಕೈಗೆಟುಕದ ಕಡೆ ಕೋಲು. ಬಾಗಿಲು ಒಡೆದು ನಾಲ್ಕು ಮಹಡಿ ಹೊತ್ತು ಇಳಿಸಿದರು.

ಕಂಬಿಯ ಮೇಲೆ ನನ್ನ ಕೆಂಪು ಬಟ್ಟೆ ಹಾರುತ್ತಲೇ ಇತ್ತು. ಆ ಹುಡುಗಿ ಅದನ್ನು ನೋಡಿದಳು, ನನ್ನನ್ನು ನೋಡಿದಳು.

ಜೂನ್ 8, ಭಾನುವಾರ

ಆಸ್ಪತ್ರೆಗೆ ಹೋಗಿದ್ದೆ. ಸೊಂಟದ ಮೂಳೆ ಮುರಿದಿದೆ. ಬಿದ್ದದ್ದು ಮಂಗಳವಾರ ಸಂಜೆಯಂತೆ. ಐದೇ ದಿನದಲ್ಲಿ ಅರ್ಧ ಆಗಿದ್ದಾಳೆ. ತುಟಿಗೆ ಹತ್ತಿಯಲ್ಲಿ ನೀರು ಒತ್ತಿದೆ. ಅವಳು ಬೈಯಲಿ ಅಂತ ಕಾದೆ. ಬೈಯಲಿಲ್ಲ.

"ಕಿಟಕೀಲಿ ನಿನ್ನ ಕೈ ಕಾಣ್ತು," ಎಂದಳು. "ಕೂಗೋಕೆ ಗಂಟಲಲ್ಲಿ ಏನೂ ಇರ್ಲಿಲ್ಲ. ಕೋಲು ಕುಟ್ಟಿದೆ. ನೀನು ಗಂಟು ಹಾಕಿ ಹೋದೆ."

ನಾನು ಹತ್ತಿಯನ್ನು ಮತ್ತೆ ನೀರಿಗೆ ಅದ್ದಿದೆ.

"ದಿನವಿಡೀ ಆ ಬಟ್ಟೆ ನೋಡ್ತಾ ಮಲಗಿದ್ದೆ ಕಣೇ. ಅದು ಅಲ್ಲಿ ಇರೋವರೆಗೂ ಯಾರೂ ಬರಲ್ಲ ಅಂತ ಗೊತ್ತಿತ್ತು."

ಬಸ್ಸಿನಲ್ಲಿ ಬರುವಾಗ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಎದುರಿಗೆ ಕೂತವಳು ನೋಡಿ ಬೇರೆ ಸೀಟಿಗೆ ಹೋದಳು.

ಜೂನ್ 10, ಮಂಗಳವಾರ

ಇನ್ನು ಬೇಡ, ಖಾಲಿ ಮನೆಯದೆಲ್ಲ ಬಿಚ್ಚೋಣ, ಇರುವವರು ತಮ್ಮದು ತಾವೇ ಕಟ್ಟಲಿ ಎಂದು ಮೇಷ್ಟ್ರಿಗೆ ಹೇಳಲು ಹೋಗಿದ್ದೆ. ಅವರು ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ, "ನರ್ಸಕ್ಕ ಇನ್ನೂ ಸೈನ್ ಹಾಕಿಲ್ಲ ತಾನೇ? ಅಂದ್ಮೇಲೆ ಮನೆ ಅವರದ್ದೇ. ನೀವು ಈಗ ನಿಲ್ಲಿಸಿದ್ರೆ ವಾಪಸ್ ಬರೋಕೆ ಅವರಿಗೆ ಮನೆ ಎಲ್ಲಿರುತ್ತೆ?" ಎಂದರು.

ಅದೂ ಸರಿಯೇ ಅನ್ನಿಸಿತು. ಸಂಜೆ ಕೂತು ಅವಳ ಕಂಬಿಗೆ ಇನ್ನೊಂದು ಕೆಂಪು ತುಂಡು ಹೊಲಿದೆ. ಹಳೆಯದು ಬಾಗಿಲು ಒಡೆಯುವಾಗ ಹರಿದಿತ್ತು.

ಜೂನ್ 12, ಗುರುವಾರ

ಮೈ ಬಿಸಿ. ಧೂಳು ಎದೆಗೆ ಇಳಿದಿದೆ ಅಂತ ಕಾಣುತ್ತದೆ. ಸುತ್ತು ಮುಗಿಸುವಷ್ಟರಲ್ಲಿ ಎರಡು ಸಲ ಮೆಟ್ಟಿಲ ಮೇಲೆ ಕೂತೆ. ಇವರಿಗೆ ಫೋನ್ ಮಾಡಿ ಎಲ್ಲಾ ಚೆನ್ನಾಗಿದೆ ಎಂದೆ. ನಿಜ ಹೇಳಿದರೆ ಮಗಳು ಬಂದು ಎಳೆದೊಯ್ಯುತ್ತಾಳೆ.

ಜೂನ್ 13, ಶುಕ್ರವಾರ

ಏಳಲಾಗಲಿಲ್ಲ. ಮೇಲಿನ ಮಹಡಿಗಳಿಗೆ ಬಟ್ಟೆ ಕಟ್ಟುವುದು ಹಾಗೇ ಉಳಿಯಿತು. ಫೋನಿನ ಚಾರ್ಜು ಮುಗಿದಿದೆ, ವೈರು ಅಡುಗೆಮನೆಯಲ್ಲಿ. ನಾಳೆ ಬೆಳಿಗ್ಗೆಯೂ ನನ್ನ ನೀಲಿ ಕಾಣದಿದ್ದರೆ ಹೇಗೂ ಯಾರಾದರೂ ಬಂದು ಬಡಿಯುತ್ತಾರೆ. ಅದೇ ಧೈರ್ಯ.

ಜೂನ್ 14, ಶನಿವಾರ

ಹಾಲಿನವನು ಬಂದು ಹೋದ ಸದ್ದಾಯಿತು. ಏಳಲು ಹೋಗಿ ಮಂಚದ ಪಕ್ಕ ಕೂತುಬಿಟ್ಟಿದ್ದೇನೆ. ಕಾಲು ನಿಲ್ಲುತ್ತಿಲ್ಲ. ಪುಸ್ತಕ ದಿಂಬಿನ ಪಕ್ಕ ಇತ್ತು, ಪುಣ್ಯ.

ಹೊರಗೆ ಹೆಜ್ಜೆ ಸದ್ದು ಬಂತು. ನಮ್ಮ ಬಾಗಿಲ ಮುಂದೆ ನಿಂತಿತು. ಬಂದರಲ್ಲ ಅಂತ ಜೀವ ಬಂದ ಹಾಗಾಯಿತು. ಕೂಗಿದೆ, ಗಾಳಿಯಷ್ಟೇ ಹೊರಟಿತು. ಬಡಿಯುತ್ತಾರೆ ಅಂತ ಕಾದೆ.

ಹೆಜ್ಜೆ ಮುಂದಿನ ಮನೆಗೆ ಹೋಯಿತು. ಅಲ್ಲಿ ನಿಂತಿತು. ಅದರ ಮುಂದಿನದಕ್ಕೆ ಹೋಯಿತು.

ಇಲ್ಲಿಂದ ಕಿಟಕಿ ಕಾಣುತ್ತದೆ, ನಮ್ಮ ಕಂಬಿ ಕಾಣುತ್ತದೆ. ಹಸಿರು ಬಟ್ಟೆ, ನಾನು ಹೊಲಿದದ್ದೇ, ಅಂಚು ಗುರುತು ಸಿಗುತ್ತದೆ. ಮೇಷ್ಟ್ರು ಎರಡು ಗಂಟು ಹಾಕಿದ್ದಾರೆ. ಚೆನ್ನಾಗಿ ಹಾರುತ್ತಿದೆ. ಫೋಟೋದಲ್ಲಿ ಸ್ಪಷ್ಟವಾಗಿ ಬರುತ್ತದೆ.

ಅಂಗಳದಲ್ಲಿ ಕ್ಯಾಮೆರಾದವನು ಬಂದಿರಬೇಕು, ಯಾರೋ ಕೆಮ್ಮಿದರು. ಈಗ ಬಾಗಿಲು ಬಡಿಯಬೇಕಾದ ಹೊತ್ತು. ಕಾಯುತ್ತಿದ್ದೇನೆ.